ಭವಿಷ್ಯ ಸುಳ್ಳಾಯಿತು, ಕಾಗದ ಉಳಿಯಿತು!

ಕುಂಜತ್ತೂರು: ಕೋಲ, ನೇಮಗಳಲ್ಲಿ ದೈವದ ನುಡಿಗಾಗಿ ಜನ ಕೈಮುಗಿದು ನಿಲ್ಲುವುದು ಗಡಿನಾಡಿಗೆ ಹೊಸತಲ್ಲ. ಆ ನುಡಿ ಕಿವಿಯಿಂದ ಕಿವಿಗೆ ದಾಟುತ್ತದೆ, ಕಾಗದಕ್ಕೆ ಇಳಿಯುವುದು ಅಪರೂಪ. ಆದರೆ ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ತಾನು ಪ್ರವಾದಿನಿ ಎಂದು ಸಾರಿದ ಮನೆಕೆಲಸದ ಹೆಂಗಸೊಬ್ಬಳ ಮಾತುಗಳನ್ನು ಆಕೆಯ ಅನುಯಾಯಿಗಳು ಬರೆದಿಟ್ಟರು, ಜೋಪಾನ ಮಾಡಿದರು.

ಆಕೆ ಜೊವಾನ್ನಾ ಸೌತ್‌ಕಾಟ್. 1750ರಲ್ಲಿ ಡೆವನ್ ಪ್ರಾಂತ್ಯದಲ್ಲಿ ಹುಟ್ಟಿ, ಎಕ್ಸೆಟರ್ ಪಟ್ಟಣದ ಮನೆಗಳಲ್ಲಿ ದುಡಿದವಳು. 1792ರಲ್ಲಿ, 42ನೇ ವಯಸ್ಸಿಗೆ, ದೇವರ ಧ್ವನಿ ಕೇಳಿಸುತ್ತಿದೆ ಅಂದಳು. 1801ರಲ್ಲಿ ತನ್ನ ಉಳಿತಾಯದ ಹಣ ಹಾಕಿ ಮೊದಲ ಪುಸ್ತಕ ಅಚ್ಚು ಹಾಕಿಸಿದಳು. ಮುಂದೆ 60ಕ್ಕೂ ಹೆಚ್ಚು ಪುಸ್ತಿಕೆಗಳು ಬಂದವು. ಆಕೆಯ ಕೈಬರಹ ಓದುವುದು ಕಷ್ಟ. ಹೀಗಾಗಿ ಆಕೆ ಹೇಳಿದ್ದನ್ನು ಆನ್ ಅಂಡರ್‌ವುಡ್ ಎಂಬಾಕೆ ಬರೆದುಕೊಳ್ಳುತ್ತಿದ್ದಳು.

ಮೊಹರಿನ ಚೀಟಿ

ಅದು ಫ್ರಾನ್ಸ್ ಜತೆ ಯುದ್ಧ, ದವಸದ ಬೆಲೆಯೇರಿಕೆಯ ಕಾಲ. ಜೊವಾನ್ನಾ ಸಹಿ ಮಾಡಿ ಅರಗಿನ ಮೊಹರು ಒತ್ತಿದ ಚೀಟಿಯನ್ನು ಸಾವಿರಾರು ಜನ ಪಡೆದರು. ನಮ್ಮಲ್ಲಿ ತಾಯಿತ ಕಟ್ಟಿಕೊಂಡ ಹಾಗೆ ಅದು ಕಾಯುತ್ತದೆಂದು ಹಲವರು ನಂಬಿದರು. ಚೀಟಿ ಪಡೆದವರ ಪಟ್ಟಿಗಳು ಉಳಿದಿವೆ, ಅದರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಆದರೆ ಚೀಟಿ ಪಡೆದಿದ್ದ ಮೇರಿ ಬೇಟ್‌ಮನ್ ಎಂಬಾಕೆಯನ್ನು ವಿಷವಿಕ್ಕಿ ಕೊಂದ ಅಪರಾಧಕ್ಕೆ 1809ರಲ್ಲಿ ಗಲ್ಲಿಗೇರಿಸಲಾಯಿತು. ಚೀಟಿ ಹಂಚಿಕೆಯೂ ನಿಂತಿತು.

ಬಾರದ ಮಗು

1814ರಲ್ಲಿ, 64ರ ಪ್ರಾಯದಲ್ಲಿ, ತನ್ನ ಹೊಟ್ಟೆಯಲ್ಲಿ ‘ಶೈಲೋ’ ಎಂಬ ದೈವೀ ಶಿಶು ಇದೆ ಎಂದು ಜೊವಾನ್ನಾ ಸಾರಿದಳು. ಭಕ್ತರು ಬೆಲೆಬಾಳುವ ತೊಟ್ಟಿಲು ತಂದರು. ಮಗು ಬರಲಿಲ್ಲ. ಅದೇ ವರ್ಷ ಡಿಸೆಂಬರ್ 27ರಂದು ಆಕೆ ತೀರಿಕೊಂಡಳು. ಎದ್ದು ಬಂದಾಳೆಂದು ಭಕ್ತರು ನಾಲ್ಕು ದಿನ ದೇಹವನ್ನು ಬೆಚ್ಚಗಿಟ್ಟು ಕಾದರು. ಕೊನೆಗೆ ಶವಪರೀಕ್ಷೆಯಲ್ಲಿ ಗರ್ಭದ ಕುರುಹೇ ಸಿಗಲಿಲ್ಲ.

ಅಷ್ಟಾದರೂ ಎಲ್ಲರೂ ಬಿಟ್ಟು ಹೋಗಲಿಲ್ಲ. ಆಕೆಯ ಬರಹಗಳಿವೆ ಎಂದು ಹೇಳುವ ಮೊಹರು ಹಾಕಿದ ಪೆಟ್ಟಿಗೆಯೊಂದನ್ನು ಭಕ್ತರು ಕಾಪಾಡಿದರು. ದೇಶಕ್ಕೆ ಕಷ್ಟ ಬಂದಾಗ 24 ಬಿಷಪರ ಸಮ್ಮುಖದಲ್ಲೇ ಅದನ್ನು ತೆರೆಯಬೇಕೆಂಬ ಕಟ್ಟಳೆ! 1927ರಲ್ಲಿ ಹ್ಯಾರಿ ಪ್ರೈಸ್ ಎಂಬವರು ಒಂದು ಪೆಟ್ಟಿಗೆ ತೆರೆಸಿದಾಗ ಸಿಕ್ಕಿದ್ದು ಹಳೇ ಪಿಸ್ತೂಲು, ಲಾಟರಿ ಟಿಕೆಟ್, ಇತರ ಚಿಲ್ಲರೆ ಸಾಮಾನು. ಅದು ಅಸಲಿ ಪೆಟ್ಟಿಗೆಯೇ ಅಲ್ಲ ಅಂದರು ಭಕ್ತರು.

ಅವರಲ್ಲಿ ಮುಖ್ಯರು ಬೆಡ್‌ಫರ್ಡ್ ಪಟ್ಟಣದ ಪ್ಯಾನಸಿಯಾ ಸೊಸೈಟಿಯವರು. 1919ರಲ್ಲಿ ಅದನ್ನು ಕಟ್ಟಿದ ಮೇಬಲ್ ಬಾರ್ಲ್‌ಟ್ರಾಪ್ ಪಾದ್ರಿಯೊಬ್ಬರ ವಿಧವೆ. ಆಕೆಯನ್ನು ಅನುಯಾಯಿಗಳು ದೇವರ ಮಗಳೆಂದೇ ನಂಬಿದರು. ಆಕೆ ಉಸಿರೂದಿದ ಬಟ್ಟೆಯ ತುಂಡನ್ನು ರೋಗಿಗಳಿಗೆ ಅಂಚೆಯಲ್ಲಿ ಕಳಿಸಲಾಗುತ್ತಿತ್ತು. ಅದನ್ನು ಅದ್ದಿದ ನೀರು ಕುಡಿಯಬೇಕು, ಗುಣವಾಯಿತೋ ಇಲ್ಲವೋ ಎಂದು ಪತ್ರ ಬರೆಯಬೇಕು. ಸುಮಾರು 1,30,000 ಜನ ಹೀಗೆ ಬರೆದರು. ಕೊನೆಯ ಸದಸ್ಯೆ 2012ರಲ್ಲಿ ತೀರಿಕೊಂಡರು. ಪತ್ರಗಳು ಉಳಿದವು. ಬಟ್ಟೆ ಅದ್ದಿದ ನೀರಿನಿಂದ ರೋಗ ವಾಸಿಯಾಗದು, ನಿಜ. ಆದರೆ ಬೇರೆಲ್ಲೂ ದಾಖಲಾಗದ ಸಾಮಾನ್ಯರ ನೋವು ಆ ಪತ್ರಗಳಲ್ಲಿದೆ.

ನಮ್ಮ ಅಟ್ಟದಲ್ಲಿ?

ನಗುವ ಮೊದಲು ಒಮ್ಮೆ ನಮ್ಮ ಅಟ್ಟ ನೋಡುವುದು ಒಳ್ಳೆಯದು. ಕಾಸರಗೋಡಿನ ವಿದ್ವಾಂಸ ದಿ. ವೆಂಕಟರಾಜ ಪುಣಿಂಚತ್ತಾಯರು ಹಳೇ ಓಲೆಗರಿ ಹುಡುಕಿ ಓದಿದ್ದರಿಂದ ತುಳುವಿನ ‘ಶ್ರೀ ಭಾಗವತೊ’ ಬೆಳಕಿಗೆ ಬಂತು. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಪಾಲುಪಟ್ಟಿ, ಗೇಣಿ ಚೀಟಿ, ಜಾತಕ, ಪ್ರಸಂಗದ ಪುಸ್ತಕ ಯಾವುದನ್ನೇ ಆಗಲಿ, ಕನ್ನಡ ಕಲಿಯದೆ ಬೆಳೆದ ಮಕ್ಕಳು ಓದಲಾರರು. ಅವರ ಕಣ್ಣಿಗೆ ಅದು ಬರೀ ರದ್ದಿ. ಗುಜರಿಗೆ ಹಾಕುವ ಮುಂಚೆ ಮನೆಯ ಹಿರಿಯರ ಕೈಯಲ್ಲಿ ಒಮ್ಮೆ ಓದಿಸಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಓದಿ ಹೇಳುವ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ.