‘ರಿಫ್ರೆಶ್’ ಮಾಡಿದರೆ ಸರ್ವರ್ ಸರಿಹೋಗುತ್ತದೆಯೇ?

ಸರ್ವರ್, ಡೇಟಾಬೇಸ್‌ಗಳನ್ನು ಕೋಡ್ ಬರೆದು ಕಟ್ಟುವ ಸಾಧನ ಟೆರಾಫಾರ್ಮ್. ಅದರಲ್ಲಿ ರಿಫ್ರೆಶ್ ಮಾಡಿದರೆ ಕ್ಲೌಡ್‌ನಲ್ಲಿ ಕೆಟ್ಟಿದ್ದೆಲ್ಲ ಸರಿಹೋಗುತ್ತದೆ ಎಂದುಕೊಂಡರೆ ತಪ್ಪು.

ಬಸವನಗುಡಿಯ ಗಾಂಧಿಬಜಾರಿನಲ್ಲಿ ಒಂದು ದಿನಸಿ ಅಂಗಡಿ ಇದೆ ಎಂದುಕೊಳ್ಳೋಣ. ‘ಇಷ್ಟು ಅಕ್ಕಿ ಮೂಟೆ ಇರಬೇಕು’ ಎಂಬ ಪಟ್ಟಿಯೇ ನಾವು ಬರೆದ ಕೋಡ್. ‘ಇಷ್ಟಿದೆ’ ಎನ್ನುವ ಸ್ಟಾಕ್ ಪುಸ್ತಕವೇ ಸ್ಟೇಟ್ ಫೈಲ್. ಗೋದಾಮೇ ಕ್ಲೌಡ್. ಯಾರೋ ಹೇಳದೆ ಎರಡು ಮೂಟೆ ಸಾಗಿಸಿದರೆ ಪುಸ್ತಕಕ್ಕೆ ಗೊತ್ತಾಗದು. ರಿಫ್ರೆಶ್ ಎಂದರೆ ಗೋದಾಮಿಗೆ ಹೋಗಿ ಎಣಿಸಿ ಪುಸ್ತಕ ತಿದ್ದುವುದು, ಅಷ್ಟೇ. ಮೂಟೆ ತರಿಸುವ ಕೆಲಸ ‘ಅಪ್ಲೈ’ಯದು.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ತಪ್ಪು ಬೀಗದ ಕೈ ಹಿಡಿದು ಬೇರೊಂದು ಖಾಲಿ ಗೋದಾಮು ತೆರೆದರೆ ಪುಸ್ತಕದಲ್ಲಿ ಸೊನ್ನೆ ಬೀಳುತ್ತದೆ. ಹಾಗೆಯೇ ತಪ್ಪು ಖಾತೆಯಿಂದ ಲಾಗಿನ್ ಆಗಿದ್ದರೆ, ಸರ್ವರ್‌ಗಳೆಲ್ಲ ಅಳಿದುಹೋಗಿವೆ ಎಂದು ತಿಳಿದು ಟೆರಾಫಾರ್ಮ್ ಅವನ್ನು ಸ್ಟೇಟ್‌ನಿಂದ ತೆಗೆದುಹಾಕಬಹುದು. ಹಳೆಯ ‘ರಿಫ್ರೆಶ್’ ಕಮಾಂಡ್ ನಮ್ಮನ್ನು ಕೇಳದೆಯೇ ಹೀಗೆ ತಿದ್ದಿಬಿಡುತ್ತದೆ. ಸರ್ವರ್‌ಗಳು ಓಡುತ್ತಲೇ ಇರುತ್ತವೆ, ಬಿಲ್ಲೂ ಬರುತ್ತದೆ. ಮುಂದಿನ ಅಪ್ಲೈ ಅವನ್ನೇ ಮತ್ತೆ ಹೊಸದಾಗಿ ಕಟ್ಟಲು ಹೊರಡುತ್ತದೆ.

ಅದಕ್ಕೇ 2021ರ 0.15.4 ಆವೃತ್ತಿಯಲ್ಲಿ ‘ರಿಫ್ರೆಶ್-ಓನ್ಲಿ’ ಬಂತು. ಅಪ್ಲೈ ಜೊತೆ ಅದನ್ನು ಬಳಸಿದರೆ ಏನೇನು ಬದಲಾಗಿದೆ ಎಂದು ಮೊದಲು ತೋರಿಸುತ್ತದೆ, ನಾವು ಒಪ್ಪಿದ ಮೇಲೆ ಬರೆಯುತ್ತದೆ. ‘ಎಸ್’ ಎನ್ನುವ ಮುನ್ನ ಕೈಯಲ್ಲಿರುವ ಬೀಗದ ಕೈ ಯಾವ ಗೋದಾಮಿನದು ಎಂದು ನೋಡಿಕೊಳ್ಳೋಣ.