ತೊಟ್ಟಿಲು ಕಟ್ಟುವ ಮುನ್ನ: ಮೊದಲ ಮಗುವಿನ ಮನಸ್ಸು

ಗರ್ಭಿಣಿಗೆ ಎಂಟನೆಯ ತಿಂಗಳು ನಡೆಯುವಾಗ ಗುರುಗಳು ಇಲ್ಲವೆ ಜಂಗಮರು ಗರ್ಭಸ್ಥ ಶಿಶುವಿನ ಸಲುವಾಗಿ ತಾಯಿಗೆ ಲಿಂಗವನ್ನು ಕಟ್ಟುವುದು ಲಿಂಗಾಯತ ಧರ್ಮದ ಸಂಸ್ಕಾರಗಳಲ್ಲಿ ಒಂದು. ಶಿಶು ಜನಿಸಿದ ಮೇಲೆ ಆ ಲಿಂಗ ಅದರದೇ ಆಗುತ್ತದೆ; ತಾನೇ ಧರಿಸುವಷ್ಟು ದೊಡ್ಡದಾಗುವವರೆಗೆ ಅದನ್ನು ಕಾಪಾಡುವ ಹೊಣೆ ತಾಯಿಯದು. ಎರಡನೆಯ ಬಸಿರಿನಲ್ಲಿ ಈ ಸಂಸ್ಕಾರ ನಡೆಯುವ ದಿನ ಮನೆಯಲ್ಲಿ ಮೂರೋ ನಾಲ್ಕೋ ವರ್ಷದ ಮೊದಲ ಮಗುವೂ ಇರುತ್ತದೆ. ಗಲಾಟೆ ಮಾಡೀತೆಂದು ಯಾರಾದರೊಬ್ಬರು ಅದನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿಬಿಡುವುದೇ ಹೆಚ್ಚು. ಆದರೆ ಆ ದಿನ ತಾಯಿಯ ಮಗ್ಗುಲಲ್ಲಿ ಎಲ್ಲರಿಗಿಂತ ಮೊದಲು ಕುಳಿತುಕೊಳ್ಳಬೇಕಾದುದು ಆ ಮಗುವೇ ಎಂಬುದು ನಮ್ಮ ಭಾವನೆ.

ಏಕೆಂದರೆ ಅದಕ್ಕೆ ಆಗಲೇ ಭಯ ಹುಟ್ಟಿರುತ್ತದೆ. ಹಿರಿಯರು ಅದನ್ನು ಹೊಟ್ಟೆಕಿಚ್ಚು ಎಂದು ಕರೆದು ನಗುತ್ತಾರೆ. ವಾಸ್ತವವಾಗಿ ಇನ್ನೂ ಕಾಣದ ಕೂಸಿನ ಮೇಲೆ ಅದಕ್ಕೆ ಯಾವ ಮತ್ಸರವೂ ಇರುವುದಿಲ್ಲ. ತನ್ನ ಸ್ಥಾನ ಏನಾಗುವುದೋ ಎಂಬ ಕಳವಳ ಮಾತ್ರ ಇರುತ್ತದೆ. ಅಮ್ಮ ಮೊದಲಿನಂತೆ ಎತ್ತಿಕೊಳ್ಳುವುದಿಲ್ಲ. ಬಂದವರೆಲ್ಲ ಅಮ್ಮನ ಹೊಟ್ಟೆಯ ಮಾತನ್ನೇ ಆಡುತ್ತಾರೆ. ಅಟ್ಟದ ಮೇಲಿದ್ದ ತನ್ನ ತೊಟ್ಟಿಲನ್ನು ಇಳಿಸಿ, ಒರೆಸಿ, ಬೇರೆ ಯಾರಿಗೋ ಸಿದ್ಧಪಡಿಸುತ್ತಾರೆ. ಎಳೆಯ ಮಗು ನಮ್ಮ ಮಾತಿಗಿಂತ ನಾವು ಮಾಡುವುದನ್ನು ನಂಬುತ್ತದೆ. ‘ನಿನ್ನನ್ನೂ ಅಷ್ಟೇ ಪ್ರೀತಿಸುತ್ತೇವೆ’ ಎಂದು ಹತ್ತು ಸಲ ಹೇಳಿದರೂ ಸಾಲದಿರುವುದು ಇದರಿಂದಲೇ.

ಆದುದರಿಂದ ಸಂಸ್ಕಾರದ ದಿನ ತಾಯಿ ತಾನು ಕಾಪಾಡಿಕೊಂಡು ಬಂದಿರುವ ಆ ಮಗುವಿನ ಲಿಂಗವನ್ನು ಅದಕ್ಕೆ ತೋರಿಸಲಿ. ‘ನೀನು ನನ್ನ ಹೊಟ್ಟೆಯಲ್ಲಿದ್ದಾಗ ನಿನಗೂ ಹೀಗೆಯೇ ಕಟ್ಟಿದ್ದರು. ಇದು ನಿನ್ನದು. ಬರುವ ಪಾಪುವಿಗೆ ಬೇರೆಯದು’ ಎಂದರೆ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಎರಡನೆಯ ಕೂಸು ತನ್ನ ಪಾಲನ್ನು ತಾನೇ ತೆಗೆದುಕೊಂಡು ಬರುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ತಿಳಿಸುವ ವಸ್ತು ಮನೆಯಲ್ಲಿ ಮತ್ತೊಂದಿರಲಾರದು.

ಉಳಿದ ಸಿದ್ಧತೆಗಳು ಬಹುತೇಕ ಕಾಲಕ್ಕೆ ಸಂಬಂಧಿಸಿದವು. ‘ಇನ್ನು ಮೂರು ತಿಂಗಳು’ ಎಂಬುದು ಮಗುವಿನ ಲೆಕ್ಕಕ್ಕೆ ಸಿಗುವುದಿಲ್ಲ. ‘ದೀಪಾವಳಿ ಆದ ಮೇಲೆ’ ಅಥವಾ ‘ನಮ್ಮ ಜಾತ್ರೆ ಮುಗಿದ ಮೇಲೆ’ ಎಂಬುದು ಸಿಗುತ್ತದೆ. ಹಾಲು ಬಿಡಿಸುವುದು, ಬೇರೆ ಹಾಸಿಗೆಗೆ ಕಳಿಸುವುದು, ಅಂಗನವಾಡಿಗೆ ಸೇರಿಸುವುದು ಇವೆಲ್ಲ ಹೆರಿಗೆಗೆ ಕೆಲವು ತಿಂಗಳ ಮೊದಲೇ ಆಗಬೇಕು, ಇಲ್ಲವೆ ಹೆರಿಗೆಯ ಗಡಿಬಿಡಿ ಮುಗಿದ ಮೇಲೆ. ಹೊಸ ಕೂಸಿನ ಜೊತೆಜೊತೆಗೇ ಇವು ನಡೆದರೆ, ಕೂಸು ಬಂದದ್ದರಿಂದಲೇ ತನ್ನನ್ನು ದೂರ ಮಾಡಿದರೆಂದು ಮಗು ತಿಳಿಯುತ್ತದೆ. ಸ್ನಾನ ಮಾಡಿಸುವುದು, ಉಣಿಸುವುದು, ಮಲಗಿಸುವುದು ತಂದೆಗೆ ಆರನೆಯ ತಿಂಗಳಿನಿಂದಲೇ ರೂಢಿಯಾಗಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ನುಡಿಯುವ ನಾವು ಮಗುವಿಗೆ ಅನ್ನ ಕಲಸುವುದನ್ನು ಮಾತ್ರ ಹೆಂಗಸರ ಕೆಲಸವೆಂದೇ ಇಟ್ಟುಕೊಂಡಿದ್ದೇವೆ.

ಮಗುವಿಗೆ ಅತಿ ಹೆಚ್ಚು ನೋವಾಗುವ ಗಳಿಗೆ ತಾಯಿ ಹೊರಡುವುದು. ಹೆರಿಗೆಗೆ ತವರಿಗೆ ಹೋಗುವ ಮನೆಗಳಲ್ಲಿ ಇದು ವಾರಗಟ್ಟಲೆ ಅಗಲಿಕೆಯಾಗಬಹುದು. ಸಾಧ್ಯವಿದ್ದರೆ ಮೊದಲ ಮಗುವನ್ನೂ ಕರೆದುಕೊಂಡೇ ಹೋಗಬೇಕು. ಅಂಗನವಾಡಿ ಎರಡು ತಿಂಗಳು ತಪ್ಪಿದರೆ ದೊಡ್ಡ ನಷ್ಟವೇನೂ ಇಲ್ಲ. ಬಿಟ್ಟು ಹೋಗಲೇಬೇಕಾದರೆ ‘ಅಂಗಡಿಗೆ ಹೋಗಿ ಬರುತ್ತೇನೆ’ ಎಂಬ ಸುಳ್ಳು ಬೇಡ. ಮಗು ಮಲಗಿದ್ದಾಗ ಹಿಂಬಾಗಿಲಿನಿಂದ ಹೊರಡುವುದಂತೂ ಬೇಡವೇ ಬೇಡ. ಅಳಲಿ, ಅತ್ತರೆ ಎತ್ತಿಕೊಂಡು ಸಮಾಧಾನಪಡಿಸಲು ಅಜ್ಜಿ ಇದ್ದಾಳೆ. ವಂಚಿತವಾದ ಮಗು ಮಾತ್ರ ಮುಂದೆ ಅಮ್ಮ ಬಚ್ಚಲಿಗೆ ಹೋದರೂ ಸೆರಗು ಬಿಡುವುದಿಲ್ಲ. ರಾತ್ರಿ ಇದ್ದಕ್ಕಿದ್ದಂತೆ ಆಸ್ಪತ್ರೆಗೆ ಹೋಗಬೇಕಾದೀತು. ಅಂಥ ದಿನ ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಯಾರಿರುತ್ತಾರೆಂದು ಮೊದಲೇ ತಿಳಿಸಿಟ್ಟಿರಬೇಕು.

ಇನ್ನೊಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೊದಲನೆಯದು ಹೆಣ್ಣಾಗಿದ್ದರೆ, ಕುಬುಸದ ದಿನ ಉಡಿ ತುಂಬುವವರು ‘ಈ ಸಲವಾದರೂ ಗಂಡಾಗಲಿ’ ಎಂದು ಹರಸುತ್ತಾರೆ. ಅಲ್ಲೇ ಅಮ್ಮನ ಸೆರಗು ಹಿಡಿದು ನಿಂತಿರುವ ಹುಡುಗಿಗೆ ಆ ಮಾತು ಕೇಳಿಸುತ್ತದೆ. ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಪತ್ತೆ ಹಚ್ಚುವುದನ್ನು 1994ರ ಕಾಯಿದೆ ನಿಷೇಧಿಸಿದೆ. ನಾಲಿಗೆಯನ್ನು ತಡೆಯುವ ಕಾಯಿದೆ ಇಲ್ಲ. ಅಕ್ಕ ನಾಗಮ್ಮನಿಗೆ ಇಲ್ಲದ ಉಪನಯನ ತನಗೇಕೆಂದು ಬಾಲಕ ಬಸವಣ್ಣನವರು ಪ್ರಶ್ನಿಸಿದ ಪ್ರಸಂಗವನ್ನು ಪುರಾಣ ಪ್ರವಚನಗಳಲ್ಲಿ ಕೇಳುತ್ತಲೇ ಬೆಳೆದವರು ನಾವು. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗಧಾರಣೆ ಇರುವ ಧರ್ಮದವರು ಅಂಥ ಹರಕೆಯನ್ನು ಮಗಳ ಎದುರಿಗೆ ಆಡಬಾರದು, ಮರೆಯಲ್ಲಿಯೂ ಆಡಬಾರದು. ‘ಪಾಪು ಬಂದಮೇಲೆ ನಿನ್ನನ್ನು ಯಾರು ಕೇಳುತ್ತಾರೆ’ ಎಂದು ಕೆಣಕುವ ಬಂಧುಗಳನ್ನೂ ಮನೆಯ ಹಿರಿಯರು ಅಲ್ಲಿಯೇ ತಡೆಯಬೇಕು. ತಮಾಷೆಯೆಂಬುದು ಆಡಿದವರಿಗೆ ಮಾತ್ರ ಗೊತ್ತಿರುತ್ತದೆ.

ಮೊದಲ ಸಲ ಕೂಸನ್ನು ತೋರಿಸುವಾಗ ಅದು ತೊಟ್ಟಿಲಲ್ಲೋ ಅಜ್ಜಿಯ ಮಡಿಲಲ್ಲೋ ಇರಲಿ, ತಾಯಿಯ ಕೈಗಳು ಹಿರಿಯ ಮಗುವಿಗಾಗಿ ಬರಿದಾಗಿರಲಿ. ಇಷ್ಟೆಲ್ಲ ಮಾಡಿದರೂ ಅದು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಬೆರಳು ಚೀಪಬಹುದು, ತನಗೂ ಎದೆಹಾಲು ಬೇಕೆಂದು ಹಟ ಹಿಡಿಯಬಹುದು. ‘ಇಷ್ಟು ದೊಡ್ಡವನಾಗಿ ನಾಚಿಕೆ ಇಲ್ಲವೆ’ ಎನ್ನದೆ ಒಣಬಟ್ಟೆ ಹಾಸಿ ಮಲಗಿಸಿದರೆ ಸಾಕು, ಸಾಮಾನ್ಯವಾಗಿ ದಿನ ಕಳೆದಂತೆ ತಾನಾಗಿ ನಿಲ್ಲುತ್ತದೆ. ತಿಂಗಳುಗಳು ಕಳೆದರೂ ನಿಲ್ಲದಿದ್ದರೆ, ಅಥವಾ ಮಗು ಊಟ ನಿದ್ದೆ ಬಿಟ್ಟು ಮಂಕಾಗಿ ಕುಳಿತರೆ, ಮಕ್ಕಳ ವೈದ್ಯರಿಗೆ ತೋರಿಸಬೇಕು.