ದೂರದ ದಾರಿಗೆ ಹೊರಟ ತರುಣ ಚಾಲಕರಿಗೆ ನಾಲ್ಕು ಮಾತು

ಬೀಳಗಿ ಕ್ರಾಸಿನಲ್ಲಿ ಅರ್ಧ ತಾಸು ನಿಂತು ನೋಡಿದವರಿಗೆ ದೇಶದ ವ್ಯಾಪಾರವು ಎಂತಹ ಭರದಿಂದ ನಡೆದಿದೆಯೆಂಬುದು ತಾನಾಗಿಯೇ ಮನದಟ್ಟಾಗುವುದು. ಪಂಜಾಬದ ಸಂಗರೂರಿನಿಂದ ಹೊರಟು, ಜಯಪುರ, ಇಂದೂರು, ಸೊಲ್ಲಾಪುರ, ವಿಜಯಪುರಗಳನ್ನು ಹಾಯ್ದು ಬರುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಕೊಲ್ಹಾರ–ಕೊರ್ತಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ಈ ತಾಲೂಕನ್ನು ಹೊಗುತ್ತದೆ. ಮುಂದೆ ಹುಬ್ಬಳ್ಳಿಯ ಮಾರ್ಗವಾಗಿ ಅಂಕೋಲೆಗೆ ಇಳಿಯುತ್ತದೆ. ಮುಧೋಳ, ಜಮಖಂಡಿಗಳ ಸಕ್ಕರೆ, ಮಹಾಲಿಂಗಪುರದ ಬೆಲ್ಲ, ರಬಕವಿ–ಬನಹಟ್ಟಿಗಳ ಸೀರೆ, ಇವೆಲ್ಲವೂ ಲಾರಿಯ ಚಕ್ರದ ಮೇಲೆಯೇ ಪರಪ್ರಾಂತಗಳನ್ನು ಮುಟ್ಟಬೇಕು. ಆ ಚಕ್ರವನ್ನು ತಿರುಗಿಸುವ ಕೈಗಳ ಯೋಗಕ್ಷೇಮವನ್ನು ವಿಚಾರಿಸುವವರು ಮಾತ್ರ ವಿರಳ.

ಈ ಕೆಲಸಕ್ಕೆ ನಮ್ಮ ಹಳ್ಳಿಗಳ ತರುಣರು ಮನಸ್ಸು ಮಾಡುವುದು ಸಹಜವಾಗಿದೆ. ಆಲಮಟ್ಟಿಯ ಹಿನ್ನೀರು ಈ ಭಾಗದ ಎಷ್ಟೋ ಹೊಲಗಳನ್ನು ನುಂಗಿತು. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಕೆಲಸವೋ, ಹಂಗಾಮು ಮುಗಿದೊಡನೆ ತಾನೂ ಮುಗಿಯುವಂಥದು. ಇಪ್ಪತ್ತು ವರ್ಷ ತುಂಬಿದವನು, ಹಗುರ ವಾಹನದ ಪರವಾನಗಿಯನ್ನು ಒಂದು ವರ್ಷ ಹೊಂದಿದ ಬಳಿಕ, ಸಾಗಾಣಿಕೆಯ ವಾಹನದ ಪರವಾನಗಿಯ ದಾರಿ ಹಿಡಿಯಬಹುದೆಂದು 1988ರ ಮೋಟಾರು ವಾಹನ ಕಾಯಿದೆಯು ಹೇಳುತ್ತದೆ. ಎಂಟನೆಯ ಇಯತ್ತೆ ಪಾಸಾಗಿರಬೇಕೆಂಬ ಕಟ್ಟಳೆಯನ್ನೂ 2019ರಲ್ಲಿ ತೆಗೆದುಹಾಕಲಾಯಿತು. ಬಾಗಿಲು ತೆರೆದಿದೆ ನಿಜ. ಆದರೆ ಯಾರ ಮನೆಯ ಬಾಗಿಲನ್ನು ಹೊಗಬೇಕೆಂಬುದನ್ನು ತರುಣನು ವಿಚಾರಿಸದೆ ಹೋದರೆ, ಮೊದಲನೆಯ ವರ್ಷದಲ್ಲಿಯೇ ಅವನು ದೇಹವನ್ನೋ ಧೈರ್ಯವನ್ನೋ ಕಳೆದುಕೊಂಡು ಊರಿಗೆ ಮರಳುವ ಸಂಭವವುಂಟು.

ಸಾಮಾನ್ಯವಾಗಿ ನಮ್ಮ ತರುಣರು ಕೇಳುವ ಪ್ರಶ್ನೆ ಒಂದೇ: ತಿಂಗಳಿಗೆ ಪಗಾರವೆಷ್ಟು? ಈ ಪ್ರಶ್ನೆಯು ತಪ್ಪಲ್ಲ. ಆದರೆ ಇದನ್ನು ಕೊನೆಗೆ ಕೇಳಬೇಕು. ಅದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆಗಳು ಎರಡಿವೆ. ನನ್ನ ನಿದ್ರೆಗೆ ಹೊಣೆ ಯಾರು? ನಮ್ಮ ಒಪ್ಪಂದಕ್ಕೆ ಕಾಗದವೆಲ್ಲಿ?

ಮೊದಲನೆಯದನ್ನು ಲೆಕ್ಕದಿಂದಲೇ ನೋಡೋಣ. ಹೇರು ತುಂಬಿದ ಲಾರಿಯು ತಾಸಿಗೆ ಸರಾಸರಿ 40 ಕಿಲೋಮೀಟರು ನಡೆಯುವುದೆಂದೂ ಹೋಗಬೇಕಾದ ಊರು 1,600 ಕಿಲೋಮೀಟರು ದೂರವಿರುವುದೆಂದೂ ಇಟ್ಟುಕೊಳ್ಳೋಣ. ದಿನಕ್ಕೆ ಎಂಟು ತಾಸು ನಡೆಯಿಸಿದರೆ ಐದು ದಿನಗಳು ಬೇಕು. ಕಂಪನಿಯವರು ‘ಮೂರೇ ದಿನಗಳಲ್ಲಿ ಮುಟ್ಟಿಸು’ ಎಂದರೆ, ದಿನಕ್ಕೆ ಹದಿಮೂರು ತಾಸಿಗೂ ಮಿಕ್ಕಿ ಚಕ್ರ ಹಿಡಿದು ಕುಳಿತಿರು ಎಂದು ಹೇಳಿದಂತಾಯಿತು. ಹೇರು ಏರಿಸುವ, ಇಳಿಸುವ, ಸಾಲಿನಲ್ಲಿ ಕಾಯುವ ವೇಳೆಯು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ‘ಏನು ಮಾಡೋಣ, ಸರಕಾರದ ಕಾಗದದ ಅವಧಿ ಮುಗಿಯುತ್ತದೆ’ ಎಂದು ಯಾರಾದರೂ ನೆವ ಹೇಳಿದರೆ ನಂಬಬೇಕಾಗಿಲ್ಲ. 2021ರಿಂದ ಇ-ವೇ ಬಿಲ್ಲಿಗೆ ಸಾಮಾನ್ಯವಾಗಿ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿಯಿದೆ. ಅಂದರೆ 1,600 ಕಿಲೋಮೀಟರಿಗೆ ಎಂಟು ದಿನ! ಸರಕಾರವು ಎಂಟು ದಿನ ಕೊಟ್ಟಲ್ಲಿ ಒಡೆಯನು ಮೂರೇ ದಿನ ಕೊಟ್ಟರೆ, ಅವಸರವು ಯಾರದೆಂಬುದು ಸ್ಪಷ್ಟವಾಗಿಯೇ ಇದೆ.

ಕಾಯಿದೆಯು ಈ ವಿಷಯದಲ್ಲಿ ಮೂಕವಾಗಿಲ್ಲ. ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು. ದೂರದ ದಾರಿಗೆ ಅಪ್ಪಣೆ ಪಡೆದು ಹೆಚ್ಚೆಂದರೆ ದಿನಕ್ಕೆ ಹತ್ತು ತಾಸು. ಐದು ತಾಸಿನ ದುಡಿಮೆಯ ಮೇಲೆ ಅರ್ಧ ತಾಸಿನ ವಿಶ್ರಾಂತಿ, ಹೀಗೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ವಿಧಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆಯ ಸಂಹಿತೆಯೂ ದಿನಕ್ಕೆ ಎಂಟು ತಾಸೆಂಬ ಮಿತಿಯನ್ನು ಉಳಿಸಿಕೊಂಡಿದೆ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ 1,68,491 ಜನರು ಅಸುನೀಗಿದರೆಂಬುದನ್ನು ನೆನೆದಾಗ, ಚಾಲಕನ ನಿದ್ರೆಯು ಅವನೊಬ್ಬನ ಸುಖದ ಮಾತಲ್ಲವೆಂಬುದು ಯಾರಿಗಾದರೂ ತಿಳಿಯುವಂತಿದೆ.

ಇದು ಆಗಹೋಗದ ಮಾತೆನ್ನುವವರಿಗೆ ಒಂದು ಉದಾಹರಣೆ ಸಾಕು. 2014ರಲ್ಲಿ ಸ್ಥಾಪಿತವಾದ ಗುರುಗ್ರಾಮದ ರಿವಿಗೋ ಎಂಬ ಕಂಪನಿಯು, ಹಿಂದಿನ ಕಾಲದ ಅಂಚೆಯ ಓಟಗಾರರು ಚೀಲವನ್ನು ಕೈಯಿಂದ ಕೈಗೆ ದಾಟಿಸಿದಂತೆ, ಕೆಲವು ತಾಸಿಗೊಮ್ಮೆ ಚಾಲಕನನ್ನು ಬದಲಿಸಿ ಲಾರಿಯನ್ನು ಮುಂದೆ ಕಳಿಸುವ ಪದ್ಧತಿಯನ್ನು ನಡೆಯಿಸಿ ತೋರಿಸಿತು. ಲಾರಿ ನಿಲ್ಲಲಿಲ್ಲ; ಚಾಲಕನು ಮರುಲಾರಿಯಲ್ಲಿ ಮನೆಗೆ ತಿರುಗಿದನು. ಆ ವ್ಯವಹಾರದ ಮುಖ್ಯ ಭಾಗವು 2022ರಲ್ಲಿ ಮಹೀಂದ್ರಾ ಲಾಜಿಸ್ಟಿಕ್ಸಿನ ಕೈಸೇರಿತಾದರೂ, ಮನಸ್ಸಿದ್ದರೆ ಮಾರ್ಗವುಂಟೆಂಬುದು ಸಿದ್ಧವಾಯಿತು. ಆದುದರಿಂದ ತರುಣನು ಕೇಳಲಿ: ದೂರದ ಹೇರಿಗೆ ಇಬ್ಬರು ಚಾಲಕರನ್ನು ಕಳಿಸುವಿರೋ, ನನ್ನೊಬ್ಬನನ್ನೇ ಕಳಿಸುವಿರೋ? ಮಲಗುವ ವೇಳೆಯಲ್ಲಿ ಫೋನು ಮಾಡಿ ಎಬ್ಬಿಸುವಿರೋ, ಹೇಗೆ? 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರದ ಲಾರಿಗಳಿಗೆ ಚಾಲಕನ ಕೋಣೆಯಲ್ಲಿ ತಂಪಿನ ಯಂತ್ರವು ಕಡ್ಡಾಯವಾಗಿದೆ. ನನಗೆ ಕೊಡುವ ಗಾಡಿ ಯಾವ ವರ್ಷದ್ದು?

ಎರಡನೆಯದು ಕಾಗದದ ಪ್ರಶ್ನೆ. ಮೇಲೆ ಹೇಳಿದ ಸಂಹಿತೆಯ ಮೇರೆಗೆ ಒಡೆಯನು ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿಯ ಪತ್ರವನ್ನು ಕೊಡಲೇಬೇಕು. ಆದರೆ 1961ರ ಕಾಯಿದೆಯು ಐದು ಕೆಲಸಗಾರರಿದ್ದ ಸಾರಿಗೆ ಸಂಸ್ಥೆಗೂ ಅನ್ವಯಿಸುತ್ತಿದ್ದರೆ, ಹೊಸ ಸಂಹಿತೆಯು ಹತ್ತು ಜನರಿಂದ ಆರಂಭವಾಗುತ್ತದೆ. ಭವಿಷ್ಯ ನಿಧಿಗೆ ಇಪ್ಪತ್ತು ಜನರು ಬೇಕು. ಎರಡೋ ಮೂರೋ ಲಾರಿಗಳ ಒಡೆಯನ ಬಳಿ ಸೇರುವವನು ಈ ಆಸರೆಗಳ ಹೊರಗೆ ನಿಲ್ಲುತ್ತಾನೆಂಬುದನ್ನು ಅರಿತೇ ಸೇರಬೇಕು. ಹಾಗೆಂದು ಸಣ್ಣ ಒಡೆಯರೆಲ್ಲ ಕೆಟ್ಟವರೆಂದು ನಾವು ಹೇಳುವುದಿಲ್ಲ. ವಿಜಯ ಸಂಕೇಶ್ವರರ ವಿ.ಆರ್.ಎಲ್. ಸಂಸ್ಥೆಯು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭವಾದದ್ದನ್ನು ನಮ್ಮ ಜನರು ಬಲ್ಲರು. ಸಣ್ಣ ಒಡೆಯನು ಮನೆಯವನಂತೆ ನೋಡಿಕೊಂಡಾನು. ಆದರೆ ದಾರಿಯಲ್ಲಿ ಅಪಘಾತವಾದ ದಿನ ಅಂತಃಕರಣವೊಂದೇ ಸಾಲದು. ದುಡಿಮೆಯಲ್ಲಿ ಗಾಯಗೊಂಡವನಿಗೆ ಒಡೆಯನು ಪರಿಹಾರ ಕೊಡಬೇಕೆಂಬ ತತ್ತ್ವವು 1923ರ ಕಾಯಿದೆಯಿಂದಲೂ ನಡೆದುಬಂದಿದೆ. ಆದರೆ ತಾನು ಅವನ ಬಳಿ ಕೆಲಸಕ್ಕಿದ್ದೆನೆಂಬುದನ್ನು ಮೊದಲು ತೋರಿಸಿಕೊಡಬೇಕಲ್ಲವೇ? ಆ ಕಾರಣ, ಒಡೆಯನು ಸಣ್ಣವನಿರಲಿ ದೊಡ್ಡವನಿರಲಿ, ಸಹಿ ಮಾಡಿದ ಒಂದು ಹಾಳೆಯನ್ನು ಪಡೆಯಬೇಕು. ಪಗಾರವನ್ನು ಬ್ಯಾಂಕಿನ ಖಾತೆಯ ಮೂಲಕವೇ ತೆಗೆದುಕೊಳ್ಳಬೇಕು.

ಆ ಹಾಳೆಯಲ್ಲಿ ಏನೇನಿರಬೇಕು? ಪಗಾರವೆಷ್ಟು, ಭತ್ತೆಯೆಷ್ಟು, ಭತ್ತೆಯು ದಿನದ ಲೆಕ್ಕವೋ ಕಿಲೋಮೀಟರಿನ ಲೆಕ್ಕವೋ, ಹೇರು ಸಿಗದೆ ನಿಂತ ದಿನಕ್ಕೆ ಏನು ಸಿಗುವುದು, ಡೀಸೆಲ್ಲು ಹೆಚ್ಚು ಉರಿದರೆ, ಟೈರು ಒಡೆದರೆ, ಮಾಲು ಕಡಿಮೆ ಬಿದ್ದರೆ ಯಾರ ಗಂಟಿನಿಂದ ಹೋಗುವುದು, ಇಷ್ಟನ್ನಾದರೂ ಬರೆದಿಡಬೇಕು. ಸೇರುವ ದಿನವೇ ದೊಡ್ಡ ಮುಂಗಡವನ್ನು ಮುಂದೆ ಹಿಡಿಯುವ ಒಡೆಯನ ಬಗೆಗೆ ಎಚ್ಚರವಿರಲಿ. ಮುಂಗಡ ತೀರುವ ತನಕ ‘ಒಲ್ಲೆ’ ಎನ್ನುವ ಬಾಯಿ ಕಟ್ಟಿಹೋಗುತ್ತದೆ. ಮಿತಿಮೀರಿ ಹೇರು ಹಾಕುವವರ ಸಹವಾಸವಂತೂ ಬೇಡ. 2019ರ ತಿದ್ದುಪಡಿಯಂತೆ ಅದಕ್ಕೆ ದಂಡ 20,000 ರೂಪಾಯಿ. ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ಕಾಯಿದೆಯ ಕಣ್ಣಿಗೆ ಹೇರು ಹೇರಿಸಿದ ಒಡೆಯನೂ ಅಪರಾಧಿ, ಗಾಡಿ ನಡೆಯಿಸಿದ ಚಾಲಕನೂ ಅಪರಾಧಿ.

ಇನ್ನು ಇವುಗಳ ಸತ್ಯವನ್ನು ತಿಳಿಯುವ ಬಗೆ ಹೇಗೆ? ಕಂಪನಿಯ ಕಚೇರಿಗಿಂತ ಹೆದ್ದಾರಿಯ ಧಾಬೆಯು ಒಳ್ಳೆಯ ಸಾಕ್ಷಿ. ಅದೇ ಕಂಪನಿಯ ಲಾರಿ ನಿಲ್ಲಿಸಿ ಊಟಕ್ಕೆ ಕುಳಿತ ಹಿರಿಯ ಚಾಲಕನನ್ನು ‘ಅಣ್ಣಾ, ಎಷ್ಟು ವರ್ಷವಾಯಿತು ಇಲ್ಲಿ? ಹಬ್ಬಕ್ಕೆ ಊರಿಗೆ ಬಿಡುತ್ತಾರೆಯೆ?’ ಎಂದು ಕೇಳಿದರೆ ಬರುವ ಉತ್ತರದಲ್ಲಿ ಎಲ್ಲವೂ ಅಡಗಿರುತ್ತದೆ. ಮೊದಲು ಕ್ಲೀನರನಾಗಿ ಸೇರಿ, ಹಿರಿಯನ ಪಕ್ಕದಲ್ಲಿ ಕುಳಿತು ಘಾಟಿನ ತಿರುವುಗಳನ್ನು ಕಲಿಯುವ ಪದ್ಧತಿಯು ಈಗ ಅಳಿಯುತ್ತ ನಡೆದಿದೆ. ಆದುದರಿಂದ ಮೊದಲ ಕೆಲವು ತಿಂಗಳು ಹತ್ತಿರದ ದಾರಿಗಳಲ್ಲಿ ಅನುಭವಿಯೊಡನೆ ಕಳಿಸುವ ಕಂಪನಿಯು, ಎರಡು ಸಾವಿರ ರೂಪಾಯಿ ಕಡಿಮೆ ಕೊಟ್ಟರೂ, ಹೊಸಬನಿಗೆ ಹೆಚ್ಚು ಕೊಟ್ಟಂತೆಯೇ ಸರಿ.

ಕಡೆಯದಾಗಿ ಮನೆಯ ಹಿರಿಯರಿಗೊಂದು ಬಿನ್ನಹ. ಎತ್ತು ಕೊಳ್ಳುವಾಗ ಸುಳಿ ನೋಡುತ್ತೀರಿ, ಹಲ್ಲು ಎಣಿಸುತ್ತೀರಿ; ಬೀಗತನ ಬೆಳೆಸುವಾಗ ಮೂರು ಊರು ವಿಚಾರಿಸುತ್ತೀರಿ. ಮಗನನ್ನು ಸಾವಿರ ಹರದಾರಿಯ ದಾರಿಗೆ ಕಳಿಸುವಾಗಲೂ ಅಷ್ಟೇ ವಿಚಾರಣೆ ನಡೆಯಲಿ. ನಾಡಿನ ಮಾಲು ನಾಡಿನಾಚೆ ಮುಟ್ಟಬೇಕು, ನಿಜ. ಅದನ್ನು ಮುಟ್ಟಿಸಿದ ಮಗನು ಮರಳಿ ಮನೆಯನ್ನೂ ಮುಟ್ಟಬೇಕು.